ಎರಡು ಗೀಟಿನ ಅಕ್ಕ

ಮದುವೆ ಕಾರ್ಡಿನ ಪ್ರೂಫನ್ನು ಮನಸ್ಸಿನಲ್ಲೇ ಓದಿಕೊಳ್ಳುವವರನ್ನು ಕಂಡರೆ ಅಕ್ಕನಿಗೆ ಆಗುತ್ತಿರಲಿಲ್ಲ. ಗಿರಾಕಿ ಎಷ್ಟೇ ದೊಡ್ಡ ಮನುಷ್ಯನಾಗಿರಲಿ, ಹಾಳೆಯನ್ನು ಕೈಗೆ ಕೊಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಗಟ್ಟಿಯಾಗಿ ಓದಿ ಎನ್ನುತ್ತಿದ್ದರು. ತುಟಿ ಅಲ್ಲಾಡಿಸಿದರೆ ಸಾಲದು, ಎದುರಿನ ಹೂವಿನ ಅಂಗಡಿಗೆ ಕೇಳಿಸಬೇಕು. ಕವಲಂದೆ ಕಡೆಯಿಂದ ಬಂದಿದ್ದ ಗಂಡಿನ ತಂದೆಯೊಬ್ಬರು ಈ ಮಾತನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರೆಂದರೆ, ಹೂವಿನವಳು ಮಾಲೆ ಕಟ್ಟುವುದನ್ನು ಬಿಟ್ಟು ಎದ್ದು ಬಂದು, ಮುಹೂರ್ತ ಗೊತ್ತಾಯ್ತು, ಊಟ ಎಲ್ಲಿ ಎಂದು ಕೇಳಿದ್ದಳು. ಕಣ್ಣು ತನಗೆ ಬೇಕಾದ್ದನ್ನು ಓದುತ್ತದೆ, ಬಾಯಿ ಇದ್ದದ್ದನ್ನು ಓದುತ್ತದೆ ಎನ್ನುವುದು ಅಕ್ಕನ ಸಿದ್ಧಾಂತ. ಆ ಸಿದ್ಧಾಂತವನ್ನು ಅವರು ಒಂದೇ ಒಂದು ಸಲ ಮುರಿದರು. ಅದರ ಕಥೆಯೇ ಮುಂದೆ ಬರುವುದು.

ಹೋದ ತಿಂಗಳು ಅಕ್ಕ ಅಂಗಡಿ ಬಿಟ್ಟರು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಲೋಕವೆಲ್ಲ ಚೆನ್ನಾಗಿ ಕಾಣುತ್ತಿದೆಯಂತೆ, ಆದ್ದರಿಂದ ಇನ್ನು ಮುಂದೆ ಕಂಪ್ಯೂಟರ್ ಬಿಟ್ಟು ಬೇರೆ ಏನನ್ನಾದರೂ ನೋಡುತ್ತಾರಂತೆ. ನಂಜನಗೂಡಿನ ಬಜಾರಿನಲ್ಲಿ ನಮ್ಮದು ಒಂದೇ ಷಟರಿನ ಅಂಗಡಿ. ಅರ್ಧ ಭಾಗದಲ್ಲಿ ಅಕ್ಕನ ಕಾರ್ಡಿನ ಕೆಲಸ, ಇನ್ನರ್ಧದಲ್ಲಿ ನನ್ನ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ. ನಡುವೆ ಗೋಡೆಯೂ ಇಲ್ಲ, ಪರದೆಯೂ ಇಲ್ಲ. ಹಾಗಾಗಿ ವರ್ಷಾನುಗಟ್ಟಲೆ ಅವರ ಬೈಗುಳವನ್ನು ಅವರ ಗಿರಾಕಿಗಳ ಜೊತೆ ನಾನೂ ಸಮಪಾಲು ಉಂಡಿದ್ದೇನೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, ಇದನ್ನೂ ತಂದು ಗಟ್ಟಿಯಾಗಿ ಓದು ಎನ್ನುತ್ತಾರೆ. ಹೊಗಳಿದ ಕಡೆ ನನಗೆ ನಾಚಿಕೆಯಾಗುತ್ತದೆ, ತೆಗಳಿದ ಕಡೆ ಏಟು ಬೀಳುತ್ತದೆ.

ಬಜಾರಿನಲ್ಲಿ ಎಲ್ಲರೂ ಅವರನ್ನು ಕಾರ್ಡಕ್ಕ ಎನ್ನುತ್ತಿದ್ದರು. ಕುಳ್ಳಗೆ, ದುಂಡಗೆ ಇದ್ದರು. ತುರುಬಿನಲ್ಲಿ ಹೂವಿನ ಜೊತೆಗೆ ಒಂದು ಬಾಲ್‌ಪೆನ್ನು ಸದಾ ಸಿಕ್ಕಿಕೊಂಡಿರುತ್ತಿತ್ತು. ಪೆನ್ನು ಎಲ್ಲಿ ಹೋಯಿತು ಎಂದು ಮೇಜಿನ ಮೇಲೆಲ್ಲ ಹುಡುಕಿ, ನನ್ನ ಮೇಲೆ ಅನುಮಾನಪಟ್ಟು, ಕೊನೆಗೆ ತಲೆ ಕೆರೆದುಕೊಳ್ಳುವಾಗ ಅದು ಕೈಗೆ ಸಿಗುತ್ತಿತ್ತು. ಸಿಕ್ಕಿತು ಎಂದು ಹೇಳುವ ಸೌಜನ್ಯ ಮಾತ್ರ ಇರಲಿಲ್ಲ. ಕಡ್ಲೆಪುರಿಯ ಪೊಟ್ಟಣ ಪಕ್ಕದಲ್ಲಿಲ್ಲದೆ ಕೆಲಸ ಸಾಗುತ್ತಿರಲಿಲ್ಲ. ಕೀಬೋರ್ಡನ್ನು ತಲೆಕೆಳಗು ಮಾಡಿ ತಟ್ಟಿದರೆ ಒಂದು ಮಗುವಿಗಾಗುವಷ್ಟು ಪುರಿ ಉದುರುತ್ತಿತ್ತು. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಸೀನಿಯರ್ ಪಾಸಾಗಿ, ಅಚ್ಚಿನ ಮೊಳೆ ಜೋಡಿಸುವ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿ, ಆ ಪ್ರೆಸ್ಸು ಮುಚ್ಚಿದ ಮೇಲೆ ಕಂಪ್ಯೂಟರಿಗೆ ಬಂದವರು. ಗಂಡ ಕಾರ್ಖಾನೆಯಿಂದ ನಿವೃತ್ತರು, ಸಾಧು ಮನುಷ್ಯ. ಮನೆಯ ಮಾತನ್ನೆಲ್ಲ ಅಕ್ಕನೇ ಆಡಿಬಿಡುವುದರಿಂದ ಅವರಿಗೆ ಮಾತಾಡುವ ಪ್ರಸಂಗ ಬರುತ್ತಿರಲಿಲ್ಲ.

ಇನ್ನು ಎರಡು ಗೀಟಿನ ವಿಚಾರ. ನಮ್ಮ ಕಡೆಯ ಮದುವೆ ಕಾರ್ಡಿಗೆ ಎರಡು ಗೀಟು ಇಲ್ಲದಿದ್ದರೆ ಕಳೆಯೇ ಇಲ್ಲ. ಗಂಡು ಚಿ||, ಹೆಣ್ಣು ಚಿ||ಸೌ||, ಬದುಕಿರುವ ಹಿರಿಯರು ಶ್ರೀ||, ತೀರಿಕೊಂಡವರು ದಿ||. ಚಿರಂಜೀವಿ, ದಿವಂಗತ ಎಂದು ಪೂರ್ತಿ ಬರೆಯಲು ಎಷ್ಟೇ ಜಾಗವಿದ್ದರೂ ಜನಕ್ಕೆ ಆ ಗೀಟುಗಳೇ ಬೇಕು. ಗೀಟಿಲ್ಲದ ಹೆಸರು ಅವರಿಗೆ ಬರಿಗಾಲಿನಲ್ಲಿ ಮದುವೆಗೆ ಬಂದ ಹಾಗೆ ಕಾಣುತ್ತದೆ.

ಅಕ್ಕನಿಗೆ ಒಂದೇ ಹೆಸರುಗಳನ್ನು ಬೇರೆ ಬೇರೆ ಮಾದರಿಯ ಕಾರ್ಡುಗಳಿಗೆ ಮತ್ತೆ ಮತ್ತೆ ಟೈಪ್ ಮಾಡುವುದೆಂದರೆ ಮೈಯೆಲ್ಲ ಉರಿ. ಆ ಸೋಮಾರಿತನದಿಂದಲೇ ಐವತ್ತು ದಾಟಿದ ಮೇಲೆ ಸ್ಕ್ರಿಪ್ಟ್ ಬರೆಯುವುದನ್ನು ಕಲಿತರು. ಸ್ಕ್ರಿಪ್ಟ್ ಎಂದರೆ, ಇದಾದ ಮೇಲೆ ಇದನ್ನು ಮಾಡು ಎಂದು ಕಂಪ್ಯೂಟರಿಗೆ ಬರೆದುಕೊಟ್ಟ ಅಪ್ಪಣೆ. ಅಕ್ಕನ ಸ್ಕ್ರಿಪ್ಟು ಹೆಸರುಗಳನ್ನು ಸಾಲುಸಾಲಾಗಿ ತೆಗೆದು ಪ್ಲಗಿನ್ನಿನ ಕೈಗೆ ಕೊಡುತ್ತಿತ್ತು. ಪ್ಲಗಿನ್ ಎನ್ನುವುದು ಕಾರ್ಡು ಜೋಡಿಸುವ ಸಾಫ್ಟ್‌ವೇರಿಗೆ ಅಂಟಿಕೊಂಡ ಕೈಯಾಳು. ಯಾವ ಹೆಸರು ಎಲ್ಲಿ ಕೂರಬೇಕೋ ಅಲ್ಲಿ ಕೂರಿಸುವುದು ಅದರ ಕೆಲಸ. ತಕರಾರು ಏನೆಂದರೆ, ಈ ಕೈಯಾಳಿಗೆ ಗೀಟು ಎಂದರೆ ಗೋಡೆ. ಗೀಟು ಕಂಡ ತಕ್ಷಣ, ಈ ಮನೆ ಮುಗಿಯಿತು, ಇನ್ನು ಪಕ್ಕದ ಮನೆ ಎಂದುಕೊಂಡು ಮುಂದಕ್ಕೆ ಹೋಗಿಬಿಡುತ್ತದೆ. ನಮ್ಮ ಚಿ||, ದಿ||ಗಳಲ್ಲಿರುವ ಗೀಟು ಹೆಸರಿನ ಪಾಲಿನದು, ಗೋಡೆಯದಲ್ಲ ಎಂದು ಅದಕ್ಕೆ ತಿಳಿಯುವುದು ಹೇಗೆ? ಅದಕ್ಕೆ ಒಂದು ಉಪಾಯವಿದೆ. ಗೀಟಿನ ಮುಂದೆ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಬೇಕು. ಅಕ್ಕ ಅದನ್ನು ಓರೆಗೀಟು ಎನ್ನುತ್ತಿದ್ದರು. ಓರೆಗೀಟು ಕಂಡರೆ ಪ್ಲಗಿನ್, ಓಹೋ, ಇದರ ಹಿಂದೆ ಬರುವುದು ನನಗೆ ಅಪ್ಪಣೆಯಲ್ಲ, ಬರೀ ಸಾಮಾನು, ಇದ್ದ ಹಾಗೇ ದಾಟಿಸಬೇಕು ಎಂದು ಅರ್ಥ ಮಾಡಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಓರೆಗೀಟು ತಾನೇ ಉದುರಿಹೋಗುತ್ತದೆ. ಕಾರ್ಡಿನ ಮೇಲೆ ಅದರ ಗುರುತೂ ಇರುವುದಿಲ್ಲ. ಇಂಥದ್ದಕ್ಕೆ ಎಸ್ಕೇಪ್ ಕ್ಯಾರೆಕ್ಟರ್ ಎಂಬ ಹೆಸರಿದೆ ಎಂದು ನಾನು ಎಲ್ಲೋ ಓದಿ ಬಂದು ಹೇಳಿದಾಗ, ತಪ್ಪಿಸಿಕೊಂಡು ಹೋಗೋದು ನೀನು, ಅದು ನಿಂತು ಕೆಲಸ ಮಾಡುತ್ತೆ ಎಂದಿದ್ದರು. ಆಯುಧಪೂಜೆಯ ದಿನ ಮಾನಿಟರಿಗೆ, ಪ್ರಿಂಟರಿಗೆ, ನನ್ನ ಜೆರಾಕ್ಸ್ ಮೆಷಿನ್ನಿಗೆ ಎಲ್ಲಕ್ಕೂ ಕುಂಕುಮ ಇಟ್ಟಾದ ಮೇಲೆ ಓರೆಗೀಟಿನ ಕೀಲಿಗೆ ಒಂದು ಪ್ರತ್ಯೇಕ ಬೊಟ್ಟು. ಆ ಕೀಲಿ ವರ್ಷವಿಡೀ ಕೆಂಪಗಿರುತ್ತಿತ್ತು.

ಅಪ್ಪಣೆ ಯಾವುದು, ಸಾಮಾನು ಯಾವುದು ಎಂದು ತಿಳಿಯದವರಿಂದಲೇ ಲೋಕದ ಅರ್ಧ ಜಗಳ ಎಂದು ಅಕ್ಕ ಹೇಳುತ್ತಿದ್ದರು. ಇದಕ್ಕೆ ಅವರ ಬಳಿ ಒಂದು ಕಥೆ ಸಿದ್ಧವಿತ್ತು. ಬನ್ನೂರಿನ ಕಡೆಯ ಒಂದು ಮದುವೆ. ಹುಡುಗಿಯ ಮನೆಯವರು ಬೇರೆ ಯಾವುದೋ ಅಂಗಡಿಗೆ ವಾಟ್ಸಾಪಿನಲ್ಲಿ ಹೆಸರುಗಳನ್ನು ಕಳಿಸುತ್ತ, ಸೋದರಮಾವನ ಹೆಸರಿನ ಪಕ್ಕದಲ್ಲಿ ‘ಸ್ವಲ್ಪ ದಪ್ಪ ಮಾಡಿ’ ಎಂದು ಬರೆದಿದ್ದರು. ಅಕ್ಷರವನ್ನು ದಪ್ಪ ಮಾಡಿ ಎಂದು ಅರ್ಥ. ಅಲ್ಲಿನ ಆಪರೇಟರು ಅದನ್ನೂ ಸೇರಿಸಿಯೇ ಅಚ್ಚು ಹಾಕಿಸಿದ್ದ. ಆ ಮಾವ ಮೊದಲೇ ಒಣಕಲು. ಮದುವೆಯ ಊಟದ ಪಂಕ್ತಿಯಲ್ಲಿ ಬಡಿಸುವವರೆಲ್ಲ ಕಾರ್ಡಿನಲ್ಲೇ ಹೇಳಿದ್ದಾರಲ್ಲ ಎಂದು ಅವರ ಎಲೆಗೆ ಒಂದೊಂದು ಹೋಳಿಗೆ ಹೆಚ್ಚಿಗೆ ಹಾಕಿಕೊಂಡು ಹೋದರಂತೆ. ಈ ಕಥೆಯನ್ನು ಹೇಳುವಾಗ ಅಕ್ಕ ನಕ್ಕು ನಕ್ಕು, ಬಾಯಲ್ಲಿದ್ದ ಪುರಿಯೆಲ್ಲ ಪರದೆಯ ಮೇಲೆ ಹಾರುತ್ತಿತ್ತು.

ಅದೇ ಅಕ್ಕನ ಕೈಯಿಂದಲೇ, ಅದೂ ಅವರ ಸ್ವಂತ ತಮ್ಮನ ಮಗಳ ಮದುವೆಯ ಕಾರ್ಡಿನಲ್ಲೇ ತಪ್ಪಾಗಬೇಕೆ?

ತಮ್ಮ ಇರುವುದು ಸೋಸಲೆಯಲ್ಲಿ. ಭತ್ತ, ಕಬ್ಬಿನ ಬೇಸಾಯ, ಎರಡು ಕೈಯಲ್ಲಿ ಹಿಡಿಯುವಷ್ಟು ಮೀಸೆ. ತಾಯಿ ಬೇಗ ತೀರಿಕೊಂಡದ್ದರಿಂದ ಅವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಅಕ್ಕನೇ. ಅಕ್ಕ ಮದುವೆಯಾಗಿ ನಂಜನಗೂಡಿಗೆ ಬಂದ ಮೇಲೆ ಒಂದು ವರ್ಷವೂ ತಪ್ಪದೆ ಗೌರಿ ಹಬ್ಬಕ್ಕೆ ತಮ್ಮ ಬಾಗಿನ ತರುತ್ತಿದ್ದರು. ಆ ದಿನ ಅಕ್ಕ ಅಂಗಡಿಗೆ ಬರುತ್ತಿದ್ದುದು ಮಧ್ಯಾಹ್ನದ ಮೇಲೆ, ಕೈತುಂಬ ಹೊಸ ಬಳೆ ತೊಟ್ಟುಕೊಂಡು. ಬೇಕೆಂದೇ ಸದ್ದು ಮಾಡಿಕೊಂಡು ಟೈಪ್ ಮಾಡುತ್ತಿದ್ದರು.

ಮದುವೆಯ ಹೊತ್ತಿಗೆ ಸರಿಯಾಗಿ ಅಂಗಡಿಗೆ ಹೊಸ ಕಂಪ್ಯೂಟರು, ಹೊಸ ಪ್ಲಗಿನ್ ಬಂದಿತ್ತು. ಮೊದಲ ಕೆಲಸ ಮನೆಯದೇ ಆಗಲಿ, ಶುಭ ಎಂದು ಅಕ್ಕ ತಮ್ಮನ ಮಗಳ ಕಾರ್ಡನ್ನೇ ಮೊದಲು ಹಾಕಿದರು. ನಮ್ಮ ಮನೆ ಹುಡುಗಿಯದಕ್ಕೆ ಬೇರೆಯವರಿಗೇಕೆ ಪ್ರೂಫು ಎಂದು ತಾವೇ ಒಂದು ಸಲ ಕಣ್ಣಾಡಿಸಿದರು. ಬಾಯಿಬಿಟ್ಟು ಓದಲಿಲ್ಲ. ಕಣ್ಣು ತನಗೆ ಬೇಕಾದ್ದನ್ನು ಓದಿಕೊಂಡು ಸುಮ್ಮನಾಯಿತು. ಕಾರ್ಡು ಅಚ್ಚಾಗಿ, ಕಟ್ಟು ಕಟ್ಟಿಸಿಕೊಂಡು ಸೋಸಲೆಗೆ ಹೋಯಿತು.

ಅಲ್ಲಿ ಪದ್ಧತಿಯಂತೆ ಮೊದಲ ಕಾರ್ಡನ್ನು ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟರು. ನೆಂಟರೆಲ್ಲ ಕೂತಿದ್ದರು. ಊರಿನ ಹಿರಿಯರೊಬ್ಬರು ಅದನ್ನು ಎತ್ತಿಕೊಂಡು ಎಲ್ಲರಿಗೂ ಕೇಳುವಂತೆ ಓದತೊಡಗಿದರು. ಓದುತ್ತ ಓದುತ್ತ ಹುಡುಗಿಯ ತಂದೆಯ ಹೆಸರು ಬಂತು, ಅದರ ಮುಂದೆ ‘ದಿ’ ಎಂದಿತ್ತು. ಹಿರಿಯರು ಓಘದಲ್ಲಿ ದಿವಂಗತ ಎಂದು ಓದಿಯೇಬಿಟ್ಟರು. ದಿವಂಗತರು ಅವರ ಎದುರಿಗೇ ಎಲೆ ಅಡಿಕೆಯ ತಟ್ಟೆ ಹಿಡಿದು ನಿಂತಿದ್ದರು. ನಿಜವಾಗಿ ತೀರಿಕೊಂಡಿದ್ದ ಅಜ್ಜನ ಹೆಸರಿನ ಮುಂದೆ ಏನೂ ಇಲ್ಲದೆ, ಅವರು ಬದುಕಿರುವವರ ಹಾಗೆ ಎಲ್ಲರನ್ನೂ ಮೊಮ್ಮಗಳ ಮದುವೆಗೆ ಕರೆಯುತ್ತಿದ್ದರು. ಯಾರೋ ಕಿಸಕ್ಕೆಂದರು. ತಮ್ಮನ ಹೆಂಡತಿ ಅಪಶಕುನವೆಂದು ಅಳಲು ಕೂತರು.

ಆದದ್ದು ಇಷ್ಟು. ಹಳೆಯ ಕಂಪ್ಯೂಟರಿನಲ್ಲಿ ಸ್ಕ್ರಿಪ್ಟು ಸೀದಾ ಪ್ಲಗಿನ್ನಿನ ಕೈಗೇ ಹೆಸರನ್ನು ಕೊಡುತ್ತಿತ್ತು. ಹೊಸದರಲ್ಲಿ ನಡುವೆ ಇನ್ನೊಂದು ಕೈ ಬಂದಿತ್ತು. ಆ ನಡುವಿನ ಕೈ ಓರೆಗೀಟನ್ನು ಕಂಡು, ಇದು ನನಗೇ ಇಟ್ಟದ್ದು ಎಂದುಕೊಂಡು ಉದುರಿಸಿಬಿಟ್ಟಿತು. ಪ್ಲಗಿನ್ ತಲುಪುವಾಗ ದಿ||ಯ ಗೀಟುಗಳು ಬೆತ್ತಲೆಯಾಗಿದ್ದವು. ಅದು ಅವುಗಳನ್ನು ಗೋಡೆ ಎಂದು ತಿಳಿದು, ಎಲ್ಲವನ್ನೂ ಪಕ್ಕದ ಮನೆಗೆ ಸರಿಸಿತು. ಅಜ್ಜನ ‘ದಿ’ ಮಗನ ಮನೆಗೆ ಹೋಗಿ ಕೂತಿತು. ಅಕ್ಕ ಇದನ್ನು ಪತ್ತೆ ಮಾಡಿದ ಮೇಲೆ ನನಗೆ ವಿವರಿಸಿದ್ದು ರಸಬಾಳೆಯ ಲೆಕ್ಕದಲ್ಲಿ. ನಂಜನಗೂಡಿನಿಂದ ಹಣ್ಣು ಕಳಿಸುವಾಗ ಒಣಗಿದ ಬಾಳೆಲೆಯಲ್ಲಿ ಸುತ್ತುತ್ತೇವೆ. ನಡುವೆ ಒಬ್ಬ ಬಿಚ್ಚಿ ನೋಡುವವನಿದ್ದಾನೆ ಎಂದು ಗೊತ್ತಿದ್ದರೆ ಇನ್ನೊಂದು ಸುತ್ತು ಹೆಚ್ಚಿಗೆ ಸುತ್ತಬೇಕು. ಅವನು ಒಂದನ್ನು ಬಿಚ್ಚಿದರೂ ಇನ್ನೊಂದು ಉಳಿದಿರುತ್ತದೆ. ಎಷ್ಟು ಕೈ ದಾಟುತ್ತದೋ ಅಷ್ಟು ಸುತ್ತು. ನಾನು ಒಂದೇ ಸುತ್ತು ಸುತ್ತಿ ಕಳಿಸಿದೆ ಕಣೋ ಎಂದರು. ಅವತ್ತು ಅವರು ಪುರಿ ಮುಟ್ಟಲಿಲ್ಲ.

ಮರುದಿನವೇ ಕಾರ್ಡುಗಳನ್ನು ಮತ್ತೆ ಅಚ್ಚು ಹಾಕಿಸಿದರು, ತಾವೇ ಹೋಗಿ ಕೊಟ್ಟು ಬಂದರು, ಮದುವೆಯೂ ಚೆನ್ನಾಗಿ ನಡೆಯಿತು. ತಮ್ಮ ಮಾತ್ರ ಮಾತು ಬಿಟ್ಟರು. ಆ ವರ್ಷದ ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ. ಅಕ್ಕ ಅವತ್ತು ಬೆಳಿಗ್ಗೆಯೇ ಅಂಗಡಿಗೆ ಬಂದರು, ಕೈಯಲ್ಲಿ ಹಳೆಯ ಬಳೆ. ಟೈಪಿಂಗಿನ ಸದ್ದು ಎಂದಿನಷ್ಟೇ ಇತ್ತು. ನನಗೆ ಅದನ್ನು ಕೇಳುತ್ತ ಕೂರಲು ಆಗಲಿಲ್ಲ, ಕಾಫಿ ತರುತ್ತೇನೆಂದು ಎದ್ದು ಹೋದೆ. ಮುಂದಿನ ವರ್ಷವೂ ಹಾಗೇ ಆಯಿತು. ಫೋನು ಮಾಡಿದರೆ ಮನೆಯಲ್ಲಿ ಬೇರೆ ಯಾರೋ ಎತ್ತಿ, ಅವರು ಗದ್ದೆಗೆ ಹೋಗಿದ್ದಾರೆ ಎನ್ನುತ್ತಿದ್ದರು. ಯಾವ ಭತ್ತಕ್ಕೂ ಅಷ್ಟು ಹೊತ್ತಿನ ಕೆಲಸವಿರುವುದಿಲ್ಲ.

ನಾನು ಟಿ. ನರಸೀಪುರದವನು, ದಿನಾ ಬಸ್ಸಿನಲ್ಲಿ ನಂಜನಗೂಡಿಗೆ ಓಡಾಡುವವನು. ಸೋಸಲೆ ನಮ್ಮೂರಿಗೆ ಕೂಗಳತೆ. ಅಕ್ಕನ ತಮ್ಮ ಸಂಜೆ ಹೊತ್ತು ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಟೀ ಕುಡಿಯಲು ಬರುತ್ತಾರೆಂದು ಅಕ್ಕನಿಗೆ ಗೊತ್ತಾಯಿತು. ಅಂದಿನಿಂದ ನಾನು ಬಸ್ ಹತ್ತುವಾಗ ಆಗಾಗ ಕೈಯಲ್ಲೊಂದು ರಸಬಾಳೆಯ ಪೊಟ್ಟಣ, ಬಾಯಲ್ಲೊಂದು ಸಂದೇಶ ಇರತೊಡಗಿತು.

ಹಣ್ಣನ್ನು ಅವರು ತೆಗೆದುಕೊಂಡರು. ಹಣ್ಣು ಏನು ತಪ್ಪು ಮಾಡಿದೆ ಎನ್ನುವುದು ಅವರ ವಾದ. ಮಾತಿಗೆ ಮಾತ್ರ ಒಂದೇ ಉತ್ತರ. ನಾನು ಹೇಗಿದ್ದೀರಿ ಎಂದು ಕೇಳಿದರೆ, ಮೀಸೆಯ ಮೇಲಿನ ಟೀ ಒರೆಸಿಕೊಂಡು ಹೀಗೆನ್ನುತ್ತಿದ್ದರು.

“ನಾನು ಸತ್ತೋಗಿವ್ನಿ ಸಾ. ಕಾರ್ಡ್ನಾಗೇ ಆಕವ್ರಲ್ಲ. ಸತ್ತೋನು ಮಾತಾಡುದ್ರೆ ಜನ ಎದ್ರಿಕೊಳ್ಳಾಕಿಲ್ವಾ?”

ಹೋಟೆಲಿನವರಿಗೂ ಇದು ರೂಢಿಯಾಗಿಹೋಗಿತ್ತು. ದಿವಂಗತರಿಗೆ ಒಂದು ಟೀ, ಸಕ್ಕರೆ ಕಮ್ಮಿ ಎಂದು ಕೂಗುತ್ತಿದ್ದರು.

ನನಗೊಂದು ಚಟವಿದೆ. ಯಾರ ಮಾತೇ ಆಗಲಿ, ನನ್ನ ಬಾಯಿಂದ ಹೊರಡುವಾಗ ಸ್ವಲ್ಪ ನಯವಾಗಿ ಹೊರಡಬೇಕು. ದಿನವಿಡೀ ಅರ್ಜಿ ಬರೆಯುವವನಿಗೆ ದಯವಿಟ್ಟು, ತಮ್ಮಲ್ಲಿ ವಿನಂತಿ ಎನ್ನುವುದು ಉಸಿರಾಟದ ಹಾಗೆ. ಅಕ್ಕ ಆ ಮೂದೇವಿಗೆ ಹಬ್ಬಕ್ಕೆ ಬರಲು ಹೇಳು ಎಂದರೆ, ನಾನು ಸೋಸಲೆಯವರ ಮುಂದೆ ಕೂತು, ತಮ್ಮ ಅಕ್ಕನವರು ದಯವಿಟ್ಟು ಹಬ್ಬಕ್ಕೆ ಬರಬೇಕೆಂದು ಕೋರಿದ್ದಾರೆ ಎನ್ನುತ್ತಿದ್ದೆ. ಇತ್ತಲಿಂದ ಅವರು, ಆ ಗಯ್ಯಾಳಿಗೆ ಕಣ್ಣು ಕಾಣಾಕಿಲ್ವಂತಾ ಎಂದರೆ, ನಾನು ಮಾರನೆಯ ದಿನ ಅಕ್ಕನಿಗೆ, ನಿಮ್ಮ ಕಣ್ಣಿನ ಆರೋಗ್ಯ ವಿಚಾರಿಸಿದರು ಎನ್ನುತ್ತಿದ್ದೆ. ನಾನು ದೊಡ್ಡ ಉಪಕಾರ ಮಾಡುತ್ತಿದ್ದೇನೆಂದೇ ತಿಳಿದಿದ್ದೆ. ಆದರೆ ದಿನ ಕಳೆದಂತೆ ಎರಡೂ ಕಡೆ ಮುಖ ಸಣ್ಣದಾಗುತ್ತ ಹೋಯಿತು. ಒಂದು ಸಂಜೆ ಸೋಸಲೆಯವರು ಪೊಟ್ಟಣವನ್ನು ಮುಟ್ಟದೆ, ಅದನ್ನೇ ನೋಡುತ್ತ ಕೂತರು.

“ನಮ್ಮಕ್ಕ ದಯವಿಟ್ಟು ಅಂದ್ಲಾ ಸಾ? ನಂಗೆ? ಅಂಗಾರೆ ನಿಜ್ವಾಗ್ಲೂ ದೂರ ಮಾಡ್ಬುಟ್ಳು ಬುಡಿ.”

ಈ ಮಾತನ್ನು ಮಾತ್ರ ನಾನು ನಯ ಮಾಡದೆ, ಹಾಗೇ ಅಕ್ಕನಿಗೆ ಒಪ್ಪಿಸಿದೆ. ಅಕ್ಕ ಕುರ್ಚಿಯನ್ನು ಪೂರ್ತಿ ನನ್ನ ಕಡೆಗೆ ತಿರುಗಿಸಿದರು. ಇಷ್ಟು ದಿನ ಅವನಿಗೆ ಏನೇನು ಹೇಳಿದೆ, ಒಂದೂ ಬಿಡದೆ ಹೇಳು ಎಂದರು. ಹೇಳಿದೆ. ಕೇಳುತ್ತ ಕೇಳುತ್ತ ಅವರ ಮುಖ ಕೆಂಪಾಯಿತು. ನಾನು ಕುಂಕುಮವಿಟ್ಟ ಆ ಕೀಲಿಯನ್ನೇ ನೋಡುತ್ತ ನಿಂತಿದ್ದೆ.

“ಲೋ, ನಾನು ನಿನ್ನ ಕೈಲಿ ಕೊಟ್ಟಿದ್ದು ಸಾಮಾನು ಕಣೋ, ಅಪ್ಪಣೆ ಅಲ್ಲ. ಅದನ್ನ ಬಿಚ್ಚಿ, ತೊಳ್ದು, ಪೌಡ್ರು ಹಾಕಿ ಕೊಡು ಅಂತ ಯಾವಳು ಹೇಳಿದ್ಳು ನಿಂಗೆ? ನಾನು ಬೈದ್ರೇನೇ ಅವನಿಗೆ ಅಕ್ಕ. ಬೈಯ್ದೆ ಇರೋಳು ಯಾರೋ ಬೀದೀಲಿ ಹೋಗೋಳು.”

ಅಕ್ಕನ ಸ್ಕ್ರಿಪ್ಟಿಗೂ ಪ್ಲಗಿನ್ನಿಗೂ ನಡುವೆ ಬಂದ ಆ ಇನ್ನೊಂದು ಕೈ ಎಂಥದ್ದು ಎಂದು ಆಗ ನನಗೆ ಚೆನ್ನಾಗಿ ಅರ್ಥವಾಯಿತು. ಅಕ್ಕನಿಗೂ ಅದೇ ಹೊಳೆದಿರಬೇಕು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಇವನಿಗೆ ಎಷ್ಟು ಸುತ್ತು ಸುತ್ತಬೇಕೋ ಎಂದು ಗೊಣಗಿ, ನಗಲು ಶುರು ಮಾಡಿದರು. ಆಮೇಲೆ ಹೊಸ ಸಂದೇಶ ತಯಾರಾಯಿತು. ಅದನ್ನು ನನ್ನಿಂದ ಗಟ್ಟಿಯಾಗಿ ಹೇಳಿಸಿದರು. ಎದುರಿನ ಹೂವಿನವಳು ತಲೆ ಎತ್ತಿ ನೋಡುವವರೆಗೂ ಬಿಡಲಿಲ್ಲ. ಒಂದು ಅಕ್ಷರ ಆಚೀಚೆ ಆದರೂ ಮತ್ತೆ ಮೊದಲಿನಿಂದ. ಕೊನೆಯಲ್ಲಿ ‘ಅಂತ ನಿಮ್ಮಕ್ಕ ಹೇಳಿದರು’ ಎಂದು ಸೇರಿಸಲು ಮಾತ್ರ ನನಗೆ ಅಪ್ಪಣೆಯಿತ್ತು. ಅದು ನಿನ್ನ ಓರೆಗೀಟು, ಅದಿದ್ದರೆ ಏಟು ನಿನಗೆ ಬೀಳುವುದಿಲ್ಲ ಎಂದರು.

ಆ ಸಂಜೆ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ಪಕ್ಕದಲ್ಲಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದರು. ಹೋಟೆಲಿನಲ್ಲಿ ಜನ ತುಂಬಿತ್ತು. ದಿವಂಗತರು ತಮ್ಮ ಮೂಲೆಯಲ್ಲಿದ್ದರು. ನಾನು ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿಕೊಂಡು, ಒಪ್ಪಿಸಿಬಿಟ್ಟೆ.

“ಲೇ ಮಂಕುದಿಣ್ಣೆ, ನೀನು ನಿಜವಾಗ್ಲೂ ಸತ್ತಿದ್ರೆ ತಿಥಿಗಾದ್ರೂ ನನ್ನ ಕರೆಸೋರು. ಅತ್ಲಾಗೆ ಸಾಯ್ಲೂ ಇಲ್ಲ, ಇತ್ಲಾಗೆ ಬಾಗಿನಾನೂ ತರ್ಲಿಲ್ಲ. ನಿನ್ನ ಹೊತ್ತು ಹೊತ್ತು ನನ್ನ ಸೊಂಟ ಸೊಟ್ಟಗಾಗಿರೋದಾದ್ರೂ ಜ್ಞಾಪಕ ಐತಾ? ಅಂತ ನಿಮ್ಮಕ್ಕ ಹೇಳಿದರು.”

ಕಣ್ಣು ಬಿಟ್ಟರೆ ಆ ದೊಡ್ಡ ಮೀಸೆ ಅಲುಗುತ್ತಿತ್ತು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ. ಎರಡೂ ಇತ್ತು ಎಂದು ಈಗ ಅನ್ನಿಸುತ್ತದೆ. ಟೀ ಚೆಲ್ಲಿ ಪಂಚೆಯೆಲ್ಲ ಒದ್ದೆಯಾಯಿತು. ಟವೆಲಿನಿಂದ ಮುಖ ಒರೆಸಿಕೊಂಡು, ಸುತ್ತ ಇದ್ದವರಿಗೆಲ್ಲ, ಇದು ಕಣ್ರಪ್ಪ ನಮ್ಮಕ್ಕ ಅಂದ್ರೆ ಎಂದರು. ಪೊಟ್ಟಣ ಬಿಚ್ಚಿ ನನಗೂ ಒಂದು ಹಣ್ಣು ಕೊಟ್ಟರು. ಅಷ್ಟು ದಿನ ಹೊತ್ತು ತಂದಿದ್ದೆನಲ್ಲ, ರಸಬಾಳೆಯ ರುಚಿ ಏನೆಂದು ನನಗೆ ಗೊತ್ತಾದದ್ದು ಅವತ್ತೇ. ಆಮೇಲೆ ಅವರೂ ಒಂದು ಸಂದೇಶ ಕೊಟ್ಟರು. ಮಗಳಿಗೆ ಗಂಡುಮಗು ಹುಟ್ಟಿದೆ, ನಾಮಕರಣಕ್ಕೆ ಕಾರ್ಡು ಬೇಕು, ಕಾರ್ಡನ್ನು ಆ ಗಯ್ಯಾಳಿಯೇ ಮಾಡಬೇಕು, ಆದರೆ ಈ ಸಲ ಪ್ರೂಫನ್ನು ನೋಡಲು ಸತ್ತವನು ತಾನೇ ಎದ್ದು ಬರುತ್ತಾನೆ ಎಂದು ಹೇಳು ಎಂದರು. ಗಯ್ಯಾಳಿ ಎಂಬುದನ್ನು ಸೇರಿಸಿಯೇ ತಲುಪಿಸಿದೆ. ಅಕ್ಕನ ಮುಖ ಹೂವಿನ ಹಾಗೆ ಅರಳಿತು. ಬೈಸಿಕೊಂಡು ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಆ ಒಂದು ಕಾರ್ಡನ್ನು ಕೈಯಿಂದಲೇ ಟೈ‌ಪ್ ಮಾಡಿಬಿಡಿ ಅಕ್ಕ, ಮತ್ತೆ ಯಾಕೆ ರಿಸ್ಕು ಎಂದು ನಾನು ಹೇಳಿದೆ. ಕೇಳಲಿಲ್ಲ. ಬಿದ್ದ ದಾರಿಯಲ್ಲೇ ಎದ್ದು ಹೋಗಬೇಕು ಎಂದರು. ಅದೇ ಸ್ಕ್ರಿಪ್ಟು, ಅದೇ ಪ್ಲಗಿನ್ನು. ನಡುವಿನ ಕೈಗೆಂದು ಓರೆಗೀಟಿಗೇ ಇನ್ನೊಂದು ಓರೆಗೀಟಿನ ಕಾವಲು ಹಾಕಿದರು. ಪರದೆಯನ್ನು ನನಗೆ ಕಾಣದ ಹಾಗೆ ಓರೆ ಮಾಡಿಕೊಂಡು, ಪ್ರೂಫಿನ ಹಾಳೆಯನ್ನು ಬೋರಲು ಹಾಕಿ, ಅದರ ಮೇಲೆ ಪುರಿಯ ಪೊಟ್ಟಣ ಇಟ್ಟು ಕಾದು ಕೂತರು.

ತಮ್ಮ ಬಂದರು. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಹೊಸ ಟವೆಲು. ಹೊಸ್ತಿಲಲ್ಲಿ ನಿಂತು ಅಂಗಡಿಯ ಬೋರ್ಡನ್ನು ಬಹಳ ಹೊತ್ತು ಓದಿದರು. ಅಕ್ಕ ಏಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಬೇರೆ ಗಿರಾಕಿಗಳಿಗೆ ಹೇಗೋ ಹಾಗೆ ಹಾಳೆಯನ್ನು ಮುಂದಕ್ಕೆ ಚಾಚಿ, ಗಟ್ಟಿಯಾಗಿ ಓದು ಎಂದರು. ಎರಡು ವರ್ಷಕ್ಕೂ ಮಿಕ್ಕಿ ಆಡದಿದ್ದ ಅಕ್ಕ ತಮ್ಮಂದಿರ ಮೊದಲ ಮಾತು ಅದು.

ಅವರು ಓದಿದರು. ಮೊದಮೊದಲು ದನಿ ಸಣ್ಣಗಿತ್ತು, ಅಕ್ಕ ಹೂವಿನ ಅಂಗಡಿಯ ಕಡೆ ಕೈ ತೋರಿಸಿದ ಮೇಲೆ ದೊಡ್ಡದಾಯಿತು. ತೀರಿಕೊಂಡ ತಂದೆಯ ಹೆಸರು ಬಂತು, ಮುಂದೆ ದಿ|| ಇತ್ತು, ಎರಡು ಗೀಟೂ ನೆಟ್ಟಗೆ ನಿಂತಿದ್ದವು. ತಮ್ಮ ತಲೆಯಾಡಿಸಿದರು. ಮಗುವಿಗೆ ಚಿ|| ಇತ್ತು. ತಲೆಯಾಡಿಸಿದರು. ಆಮೇಲೆ ಆಹ್ವಾನಿಸುವವರು ಎಂಬಲ್ಲಿ ತಮ್ಮ ಹೆಸರಿಗೆ ಬಂದು ತಟ್ಟನೆ ನಿಂತರು. ಹಾಳೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಮತ್ತೆ ಅದೇ ಆಯಿತೇನೋ ಎಂದುಕೊಂಡೆ.

“ಅಕ್ಕಾ, ಈ ಸಲಾನೂ ತಪ್ಪಾಗದೆ ಕಣಕ್ಕಾ. ನನ್ ಎಸ್ರುಗೆ ಚಿರಂಜೀವಿ ಅಂತ ಬಂದದೆ. ಮೊಮ್ಮಗ ಉಟ್ಟವ್ನೆ ನಂಗೆ. ಮಗೀಂದು ಇಲ್ಲಿಗೆ ಬಂದ್ಬುಟ್ಟದೆ.”

ನಾನು ಎದ್ದು ಬಂದು ನೋಡಿದೆ. ನಿಜ. ಬಿಳಿ ಮೀಸೆಯ ಅಜ್ಜನ ಹೆಸರಿನ ಮುಂದೆ, ತೊಟ್ಟಿಲ ಕೂಸಿಗೆ ಹಾಕುವ ಹಾಗೆ, ಚಿ|| ಎಂದಿತ್ತು. ಅಕ್ಕ ತುರುಬಿನಿಂದ ಪೆನ್ನು ತೆಗೆದರು. ಅವತ್ತು ಅದನ್ನು ಹುಡುಕಲಿಲ್ಲ.

“ತಪ್ಪಲ್ಲ ಕಣ್ಲಾ. ಮಗೂದು ಮಗು ಹತ್ರಾನೇ ಐತೆ. ಇದು ಮಿಷಿನ್ ಹಾಕಿದ್ದಲ್ಲ, ನಾನು ಹಾಕಿದ್ದು. ನಿನಗಿಂತ ದೊಡ್ಡೋರು ಅಂತ ಈ ಭೂಮಿ ಮೇಲೆ ಇನ್ನು ಉಳ್ದಿರೋಳು ನಾನೊಬ್ಳೇ. ನಾನು ಹಾಕ್ದೆ ಇನ್ಯಾರು ಹಾಕ್ತಾರೆ ನಿಂಗೆ?”

ತಮ್ಮ ಹಾಳೆಯನ್ನು ಮೇಜಿನ ಮೇಲಿಟ್ಟು, ಸರಿ ಇದೆ ಎಂದು ಬರೆದು ಸಹಿ ಹಾಕಿದರು. ಆಮೇಲೆ ಆ ದೊಡ್ಡ ಮನುಷ್ಯ ಬಗ್ಗಿ, ಕುರ್ಚಿಯ ಕೆಳಗಿದ್ದ ಅಕ್ಕನ ಕಾಲು ಮುಟ್ಟಿದರು. ಅಕ್ಕ ಅವರ ತಲೆಯ ಮೇಲೊಂದು ಮೊಟಕಿದರು. ಎದುರಿನ ಹೂವಿನವಳು ಎರಡು ಮೊಳ ಮಲ್ಲಿಗೆ ತಂದು ಮೇಜಿನ ಮೇಲಿಟ್ಟು ಹೋದಳು. ಆ ವರ್ಷದ ಗೌರಿ ಹಬ್ಬದ ಮಧ್ಯಾಹ್ನ ನಮ್ಮ ಅಂಗಡಿಯಲ್ಲಿ ಕೀಬೋರ್ಡಿನ ಸದ್ದಿಗಿಂತ ಬಳೆಯ ಸದ್ದು ಜಾಸ್ತಿಯಿತ್ತು.

ಈಗ ಅಕ್ಕನ ಮೇಜಿನ ಕೆಲಸವನ್ನೂ ನಾನೇ ನೋಡಿಕೊಳ್ಳುತ್ತೇನೆ. ಗಿರಾಕಿಗಳಿಗೆ ಗಟ್ಟಿಯಾಗಿ ಓದಿ ಎನ್ನುತ್ತೇನೆ, ದಯವಿಟ್ಟು ಎಂದು ಸೇರಿಸಿ. ಹಳೆಯ ಚಟ, ಬಿಡುವುದಿಲ್ಲ.

ಆ ನಾಮಕರಣದ ಕಾರ್ಡು ಮಾತ್ರ ಇದ್ದ ಹಾಗೇ ಅಚ್ಚಾಗಿ ಸೋಸಲೆಗೆ ಹೋಯಿತು. ಪದ್ಧತಿಯಂತೆ ದೇವರ ಮುಂದಿಟ್ಟು, ಅದೇ ಹಿರಿಯರೇ ಎತ್ತಿಕೊಂಡು ಓದಿದರಂತೆ. ಈ ಸಲ ಅವರು ಹುಷಾರಾಗಿ, ಒಂದೊಂದೇ ಅಕ್ಷರ ನೋಡಿಕೊಂಡು ಓದಿ, ಚಿರಂಜೀವಿ ಎಂದು ಯಜಮಾನರ ಹೆಸರು ಹೇಳಿದಾಗ ಮನೆಯಲ್ಲಿದ್ದವರೆಲ್ಲ ಹೋ ಎಂದು ನಕ್ಕರಂತೆ. ಎಲೆ ಅಡಿಕೆಯ ತಟ್ಟೆ ಹಿಡಿದು ನಿಂತಿದ್ದ ತಮ್ಮ ನಗಲಿಲ್ಲವಂತೆ. ನಗು ನಿಲ್ಲುವವರೆಗೂ ಕಾದು, ಅದೊಂದು ಸಾಲನ್ನು ಇನ್ನೊಂದು ಸಲ ಓದಿ ಎಂದರಂತೆ.